ಯಾರೂ ಹಿಡಿದುಕೊಳ್ಳದ ಟೈಮರ್

ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಇವತ್ತಿಗೂ ನಾನು ಏನು ಕೆಲಸ ಮಾಡುತ್ತಿದ್ದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸಾಫ್ಟ್‌ವೇರ್ ಅಂದರೆ "ಯಾವ ಆಪ್ ಆಂಟಿ?" ಅಂತಾರೆ. ಆಪ್ ಅಲ್ಲ ಅಂದರೆ "ವೆಬ್‌ಸೈಟಾ?" ಅಂತಾರೆ. ಅದೂ ಅಲ್ಲ ಅಂದಮೇಲೆ ಅವರ ಮುಖದಲ್ಲಿ ಒಂಥರಾ ಕನಿಕರ ಬರುತ್ತದೆ, ಪಾಪ, ಕೊನೆಗೂ ಒಳ್ಳೆ ಕೆಲಸ ಸಿಗಲಿಲ್ಲ ಇವರಿಗೆ ಅನ್ನೋ ಹಾಗೆ. ಮೊದಮೊದಲು ಕೂರಿಸಿ ವಿವರಿಸುತ್ತಿದ್ದೆ. ಈಗ "ಹೂಂ, ಅಂಥದ್ದೇ ಏನೋ" ಅಂದು ಹಾಲಿನ ಪ್ಯಾಕೆಟ್ ತಗೊಂಡು ಒಳಗೆ ಹೋಗುತ್ತೇನೆ.

ಆದರೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ಈಚೆಗೆ ಫೋನ್ ಮಾಡಿ ಕೇಳಿದರು, ನಿಜಕ್ಕೂ ಈ ಕೆಲಸ ಹೇಗಿರುತ್ತೆ ಅಂತ. ಅವರಿಗಾಗಿ ಬರೆಯುತ್ತಿದ್ದೇನೆ. ಯಾವಾಗ ಸೀನಿಯರ್ ಆದೆ, ಯಾವಾಗ ಪ್ರಿನ್ಸಿಪಲ್ ಎಂಜಿನಿಯರ್ ಆದೆ ಅನ್ನೋದೆಲ್ಲ ಇದರಲ್ಲಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಕೆಲಸ ಇಷ್ಟೇ. ನಮ್ಮ ಕಂಪನಿ ಒಂದು ಎಂಜಿನ್ ಮಾಡುತ್ತಿತ್ತು. ಕಾರಿನ ಎಂಜಿನ್ ಅಲ್ಲ. ಸಣ್ಣಸಣ್ಣ ಯಂತ್ರಗಳೊಳಗೆ ಕೂತು, ಸ್ಕ್ರಿಪ್ಟ್ ಅನ್ನೋ ಸುಲಭದ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಓಡಿಸುವ ಎಂಜಿನ್. ಸ್ಕ್ರಿಪ್ಟ್ ಬರೆಯುವವರು "ಒಂದು ಟೈಮರ್ ಬೇಕು, ಅರ್ಧ ಗಂಟೆ ಬಿಟ್ಟು ಗಂಟೆ ಬಾರಿಸು" ಅಂತ ಒಂದೇ ಸಾಲು ಬರೆಯುತ್ತಾರೆ. ಆ ಟೈಮರ್ ಆಕಾಶದಿಂದ ಬರುವುದಿಲ್ಲ. ಟೈಮರ್, ದಿನಾಂಕ, ಪಠ್ಯ, ಪಟ್ಟಿ, ಇಂಥ ಒಂದೊಂದು ಅಚ್ಚನ್ನೂ, ನಮ್ಮ ಮಾತಿನಲ್ಲಿ ಕ್ಲಾಸನ್ನೂ, ಕೆಳಗಡೆ ಸಿ ಪ್ಲಸ್ ಪ್ಲಸ್ ಅನ್ನೋ ಕಷ್ಟದ ಭಾಷೆಯಲ್ಲಿ ಯಾರೋ ಕಟ್ಟಿ ಇಟ್ಟಿರಬೇಕು. ಆ ಯಾರೋ ನಾನು. ಮಿಕ್ಸಿ ಸ್ವಿಚ್ ಹಾಕುವವರು ಒಬ್ಬರು, ಒಳಗೆ ಮೋಟಾರಿಗೆ ತಂತಿ ಸುತ್ತುವವರು ಇನ್ನೊಬ್ಬರು. ನಾನು ತಂತಿ ಸುತ್ತಿದವಳು. ಮಿಕ್ಸಿ ತಿರುಗುವಷ್ಟು ದಿನ ತಂತಿ ಸುತ್ತಿದವರ ನೆನಪು ಯಾರಿಗೂ ಬರುವುದಿಲ್ಲ. ಸುಟ್ಟ ವಾಸನೆ ಬಂದ ದಿನ ಮಾತ್ರ ಹುಡುಕಿಕೊಂಡು ಬರುತ್ತಾರೆ.

ನಮ್ಮಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದರು. ವಿಲ್ಸನ್ ಗಾರ್ಡನ್‌ನಲ್ಲಿ ಕರೆಂಟ್ ಹೋದರೆ ಇಡೀ ಬೀದಿ ನಮ್ಮ ಮನೆ ಮುಂದೆ ನಿಲ್ಲುತ್ತಿತ್ತು. ಕರೆಂಟ್ ಇದ್ದಾಗ ಯಾರೂ ಬಂದು "ಏನಣ್ಣ, ಇವತ್ತು ಕರೆಂಟ್ ಚೆನ್ನಾಗಿದೆ" ಅಂದಿದ್ದು ನಾನಂತೂ ನೋಡಿಲ್ಲ. ಮಗಳು ಎಂಜಿನಿಯರ್ ಆದರೆ ಹಾಗಿರಲ್ಲ ಅಂತ ಅವರು ತಿಳಿದಿದ್ದರು.

ಆಫೀಸು ಬಿಟಿಎಂ ಲೇಔಟ್‌ನಲ್ಲಿತ್ತು, ಮುನಿರಾಜಣ್ಣ ಅನ್ನುವವರ ಕಟ್ಟಡದಲ್ಲಿ. ಕೆಳಗಡೆ ಅವರ ಮನೆ, ಮೇಲಿನ ಎರಡು ಮಹಡಿ ನಮ್ಮದು. ಮುನಿರಾಜಣ್ಣನ ತಂದೆಯ ಕಾಲದಲ್ಲಿ ಅಲ್ಲಿ ಸೇವಂತಿಗೆ ಬೆಳೆಯುತ್ತಿದ್ದರಂತೆ. ಅದನ್ನು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು, ಸಾಮಾನ್ಯವಾಗಿ ನಮ್ಮಲ್ಲಿ ಯಾರಾದರೂ ಗಾಡಿ ತಪ್ಪು ಜಾಗದಲ್ಲಿ ನಿಲ್ಲಿಸಿದಾಗ. "ಮೇಡಂ, ನೀವು ಸ್ಕೂಟರ್ ಇಟ್ಟಿರೋ ಜಾಗದಲ್ಲಿ ಬಾವಿ ಇತ್ತು. ಆವಾಗಿದ್ರೆ ಬಿದ್ದೋಗಿರೋದು ನಿಮ್ ಗಾಡಿ."

ಕ್ಲಾಸ್ ಕಟ್ಟುವ ವಿಧಾನ ನನ್ನ ಕಣ್ಣೆದುರೇ ಬಹಳ ಬದಲಾಯಿತು. ಮೊದಲು ಎಲ್ಲ ಕೈಯಲ್ಲೇ. ಸ್ಕ್ರಿಪ್ಟಿನ ಒಂದೊಂದು ಹೆಸರಿಗೂ ಕೆಳಗಿನ ಒಂದೊಂದು ಫಂಕ್ಷನ್ನನ್ನು, ಅಂದರೆ ಆ ಕೆಲಸ ಮಾಡುವ ತುಣುಕನ್ನು, ಜೋಡಿಸಬೇಕು, ಬಂದದ್ದು ಸಂಖ್ಯೆಯೋ ಪಠ್ಯವೋ ಏನೂ ಇಲ್ಲವೋ ಅಂತ ಪ್ರತಿ ಬಾರಿ ನೋಡಬೇಕು, ಒಂದು ಕಡೆ ಮರೆತರೆ ಯಂತ್ರವೇ ಮಲಗುತ್ತದೆ. ಆಮೇಲೆ ಆ ಜೋಡಣೆಯನ್ನು ತಾನೇ ಬರೆದುಕೊಡುವ ಒಂದು ಟೂಲ್ ಮಾಡಿಕೊಂಡೆವು. ಈಗ ಎಐಗೆ ಹೇಳಿದರೆ ನೀವು ಕಾಫಿ ಕುಡಿಯುವಷ್ಟರಲ್ಲಿ ಬರೆದಿಟ್ಟಿರುತ್ತದೆ. ಸಂತೋಷ. ಆದರೆ ಅದೇ ಕೆಲಸ ಅಂತ ತಿಳಿದುಕೊಂಡವರನ್ನು ನೋಡಿದರೆ ನನಗೆ ತಲೆನೋವು ಬರುತ್ತದೆ. ಜೋಡಿಸುವುದು ಯಾವತ್ತೂ ಕಷ್ಟದ ಭಾಗವಾಗಿರಲಿಲ್ಲ. ಯಾವ ವಸ್ತುವನ್ನು ಯಾರು ಹಿಡಿದುಕೊಂಡಿದ್ದಾರೆ, ಯಾವಾಗ ಬಿಡಬೇಕು, ಬಿಟ್ಟರೆ ಯಾರಿಗೆ ಪೆಟ್ಟು, ಇದು ಕಷ್ಟ. ಇದನ್ನು ಟೂಲ್ ಕೇಳಲಿಲ್ಲ, ಎಐ ಕೇಳಲಿಲ್ಲ, ನನ್ನ ಮ್ಯಾನೇಜರ್ ಅಂತೂ ಕೇಳಲೇ ಇಲ್ಲ.

ಮ್ಯಾನೇಜರ್ ಹೆಸರು ಮಧುಸೂದನ್. ಎಲ್ಲರೂ ಮಧು ಸಾರ್ ಅನ್ನುತ್ತಿದ್ದೆವು. ಕೆಟ್ಟ ಮನುಷ್ಯ ಅಲ್ಲ. ಯಾರಿಗಾದರೂ ಹುಷಾರಿಲ್ಲದಿದ್ದರೆ ತಾವೇ ಕಾರಿನಲ್ಲಿ ಮನೆಗೆ ಬಿಟ್ಟು ಬರುವವರು. ಆದರೆ ಯಾವ ತೊಂದರೆ ಹೇಳಿದರೂ ಅವರ ಬಾಯಲ್ಲಿ ಬರುತ್ತಿದ್ದುದು ಎರಡೇ ಮಾತು. ಒಂದು, "ಮುಂದಿನ ರಿಲೀಸ್‌ಗೆ ನೋಡೋಣ." ಎರಡು, "ಡಾಕ್ಯುಮೆಂಟಲ್ಲಿ ಬರೆದುಬಿಡಿ."

ಒಂದು ಉದಾಹರಣೆ ಕೊಡುತ್ತೇನೆ. ಪಠ್ಯದ ಕ್ಲಾಸಿನಲ್ಲಿ ಎಷ್ಟು ಅಕ್ಷರ ಇದೆ ಅಂತ ಹೇಳುವ ಒಂದು ಫಂಕ್ಷನ್ ಇತ್ತು. ಇಂಗ್ಲಿಷಿಗೆ ಸರಿಯಾಗಿತ್ತು. "ಲಕ್ಷ್ಮಮ್ಮ" ಅಂತ ಕೊಟ್ಟರೆ ಒಂಬತ್ತು ಅನ್ನುತ್ತಿತ್ತು. ಒಂದನೇ ಕ್ಲಾಸಿನ ಮಗುವನ್ನು ಕೇಳಿ, ಮೂರು ಅನ್ನುತ್ತದೆ. ನಮ್ಮ ಕ್ಲಾಸು ಒತ್ತಕ್ಷರವನ್ನೆಲ್ಲ ಬಿಡಿಬಿಡಿಯಾಗಿ ಎಣಿಸುತ್ತಿತ್ತು. ಎಣಿಸಿಕೊಳ್ಳಲಿ ಬಿಡಿ, ಆದರೆ ಪರದೆಯಲ್ಲಿ ಜಾಗ ಸಾಲದಿದ್ದಾಗ ಹೆಸರನ್ನು ಅದೇ ಲೆಕ್ಕದಲ್ಲಿ ಕತ್ತರಿಸುತ್ತಿತ್ತು. ಲಕ್ಷ್ಮಮ್ಮನವರು "ಲಕ್ಷ್" ಆಗಿ ನಿಲ್ಲುತ್ತಿದ್ದರು. ನಾನು ಮಧು ಸಾರ್ ಹತ್ತಿರ ಹೋದೆ.

"ಕನ್ನಡದಲ್ಲಿ ಯಾರು ಹಾಕ್ತಾರೆ ಸುಜಾತಾ?" ಅಂದರು.

"ಕನ್ನಡದವರು ಹಾಕ್ತಾರೆ ಸಾರ್."

"ಸದ್ಯಕ್ಕೆ ಡಾಕ್ಯುಮೆಂಟಲ್ಲಿ ಬರೆದುಬಿಡಿ."

ಏನಂತ ಬರೆಯುವುದು? ಕನ್ನಡದಲ್ಲಿ ಹೆಸರಿರುವವರು ದಯವಿಟ್ಟು ಚಿಕ್ಕ ಹೆಸರಿಟ್ಟುಕೊಳ್ಳಿ ಅಂತಲೇ? ನಾನು ಅವರಿಗೆ ಹೇಳದೆ ಅದನ್ನು ಸರಿಮಾಡಿ ಇಟ್ಟೆ. ಅದು ಸರಿಹೋಯಿತು ಅಂತ ಯಾರೂ ಗಮನಿಸಲೂ ಇಲ್ಲ.

ಇನ್ನೊಂದು ಸಲ, ನಮ್ಮ ದಿನಾಂಕದ ಕ್ಲಾಸಿನಿಂದ ಸ್ಕ್ರಿಪ್ಟಿನವರು ತಮ್ಮದೇ ಕ್ಲಾಸನ್ನು ಹುಟ್ಟಿಸಿಕೊಳ್ಳಬಹುದು ಅಂತ ಮಾರ್ಕೆಟಿಂಗಿನವರು ಹೊರಗೆ ಹೇಳಿಬಿಟ್ಟರು. ನಮ್ಮನ್ನು ಒಂದು ಮಾತು ಕೇಳದೆ. ಸ್ಕ್ರಿಪ್ಟಿನಲ್ಲಿ ಹುಟ್ಟಿದ ಕ್ಲಾಸು ಮಗು, ಕೆಳಗಿನ ನಮ್ಮ ಕ್ಲಾಸು ಅದರ ಅಪ್ಪ. ಅಪ್ಪ ಇನ್ನೂ ಹುಟ್ಟಿರುತ್ತಿರಲಿಲ್ಲ, ಆಗಲೇ ಮಗು ಅಪ್ಪನನ್ನು ಇವತ್ತು ಯಾವ ವಾರ ಅಂತ ಕೇಳುತ್ತಿತ್ತು, ಯಂತ್ರ ಆರಿಹೋಗುತ್ತಿತ್ತು. ಅದನ್ನು ಸರಿಮಾಡುವುದರಲ್ಲಿ ಒಂದು ಬೇಸಿಗೆ ಪೂರ್ತಿ ಹೋಯಿತು. ಆಮೇಲೆ ಯಾವ ಗಿರಾಕಿಯೂ ಅದನ್ನು ಬಳಸಲಿಲ್ಲ.

ಇಂಥವು ನೂರಿವೆ. ಆದರೆ ನಾನು ಹೇಳಬೇಕಾದದ್ದು ಟೈಮರ್ ವಿಷಯ.

ಎಂಜಿನ್ನಿನೊಳಗೆ ಒಂದು ಕಸ ಗುಡಿಸುವ ವ್ಯವಸ್ಥೆ ಇರುತ್ತದೆ. ಮೆಮೊರಿ ಕಡಿಮೆಯಾದಾಗ ಅದು ಎದ್ದು ಬಂದು ಒಂದೊಂದು ವಸ್ತುವನ್ನೂ ನೋಡುತ್ತದೆ. ಇದನ್ನು ಪ್ರೋಗ್ರಾಮಿನಲ್ಲಿ ಯಾರಾದರೂ ಹೆಸರಿಟ್ಟು ಹಿಡಿದುಕೊಂಡಿದ್ದಾರಾ? ಇಲ್ಲ ಅಂದರೆ ಎತ್ತಿ ಬಿಸಾಕುತ್ತದೆ. ಮದುವೆ ಛತ್ರದಲ್ಲಿ ಎದುರಿಗೆ ಯಾರೂ ಕೂತಿಲ್ಲದ ಎಲೆಯನ್ನು ಎತ್ತುತ್ತಾರಲ್ಲ, ಹಾಗೆ. ಸರಿ. ಆದರೆ ಬಡಿಸುವವನು ಯಾವ ಎಲೆ ಮುಂದೆಯೂ ಕೂತಿರುವುದಿಲ್ಲ. ಕೂತಿಲ್ಲ ಅಂತ ಅವನನ್ನೂ ಹೊರಗೆ ಹಾಕಿದರೆ ಊಟ ನಡೆಯುತ್ತದೆಯೇ? ಟೈಮರ್ ಬಡಿಸುವವನಂತೆ. ಸ್ಕ್ರಿಪ್ಟ್ ಬರೆಯುವವನು ಒಂದು ಸಾಲಿನಲ್ಲಿ ಟೈಮರ್ ಹುಟ್ಟಿಸಿ, ಅದಕ್ಕೊಂದು ಹೆಸರು ಕೊಡದೆ ಮುಂದಕ್ಕೆ ಹೋಗುತ್ತಾನೆ. ಯಾರೂ ಹಿಡಿದುಕೊಂಡಿಲ್ಲ. ಆದರೆ ಅದು ಕೆಲಸ ಮಾಡುತ್ತಿದೆ, ಒಳಗೇ ಕಾಯುತ್ತಿದೆ. ಆ ಹೊತ್ತಿನಲ್ಲಿ ಕಸ ಗುಡಿಸುವುದು ಬಂದರೆ ಟೈಮರ್ ಸದ್ದಿಲ್ಲದೆ ಹೋಗುತ್ತದೆ. ತಪ್ಪು ಸಂದೇಶ ಇಲ್ಲ, ಕೆಂಪು ದೀಪ ಇಲ್ಲ. ಗಂಟೆ ಬಾರಿಸುವುದಿಲ್ಲ, ಅಷ್ಟೇ.

ಓಡುತ್ತಿರುವ ಟೈಮರನ್ನು ಎಂಜಿನ್ನೇ ಹಿಡಿದುಕೊಳ್ಳಬೇಕು ಅಂತ ನಾನು ಕ್ಲಾಸ್ ಕಟ್ಟುವಾಗಲೇ ಹೇಳಿದೆ. ರಿವ್ಯೂನಲ್ಲಿ ಹೇಳಿದೆ. ಬರೆದೂ ತೋರಿಸಿದೆ, ಹೆಚ್ಚು ಅಂದರೆ ಹತ್ತಿಪ್ಪತ್ತು ಸಾಲು. ಮೆಮೊರಿ ಜಾಸ್ತಿ ತಿನ್ನುತ್ತೆ, ಅದೂ ರಿಲೀಸ್ ಹತ್ತಿರ ಬಂದಾಗ ಬೇಡ ಅಂದರು ಮಧು ಸಾರ್. "ಟೈಮರನ್ನ ಬಳಸೋರೇ ಹಿಡ್ಕೋಬೇಕು ಅಂತ ಡಾಕ್ಯುಮೆಂಟಲ್ಲಿ ಹಾಕಿ. ಆಮೇಲೆ ಅದು ಅವರ ಜವಾಬ್ದಾರಿ." ವಾದ ಮಾಡಿದೆ. ಸೋತೆ. ಡಾಕ್ಯುಮೆಂಟಲ್ಲಿ ಆ ಸಾಲು ಸೇರಿತು, ಯಾರೂ ಓದದ ಜಾಗದಲ್ಲಿ.

ಆಮೇಲೆ ನಮಗೆ ಆಸ್ಪತ್ರೆಯ ಕೆಲಸ ಬಂತು. ಕುಮಾರಸ್ವಾಮಿ ಲೇಔಟ್‌ನಲ್ಲಿ ಮುನಿರಾಜಣ್ಣನ ಭಾಮೈದನ ಕಟ್ಟಡದಲ್ಲಿ ಒಂದು ನರ್ಸಿಂಗ್ ಹೋಂ ಇತ್ತು. ಮುನಿರಾಜಣ್ಣನೇ ಮಾತಾಡಿ, ನಮ್ಮ ಮೇಲ್ಗಡೆ ಹುಡುಗ್ರು ಮಾಡಿರೋ ಡಬ್ಬ ಹಾಕಿಸ್ಕೊಳ್ಳಿ ಅಂತ ಒಪ್ಪಿಸಿದ್ದರು. ಡಬ್ಬ ಅಂದರೆ ವಾರ್ಡಿನಲ್ಲಿ ಗೋಡೆಗೆ ಹಾಕುವ ಒಂದು ಪುಟ್ಟ ಪರದೆ. ಯಾವ ರೋಗಿಗೆ ಯಾವ ಹೊತ್ತಿಗೆ ಔಷಧಿ, ಯಾವಾಗ ಶುಗರ್ ನೋಡಬೇಕು, ಎಲ್ಲ ಅದರಲ್ಲಿ ಹಾಕಿದರೆ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತದೆ. ಅದರ ಸ್ಕ್ರಿಪ್ಟ್ ಬರೆದವನು ನನ್ನ ಪಕ್ಕದ ಸೀಟಿನ ಇರ್ಫಾನ್. ಒಳ್ಳೆ ಕೆಲಸಗಾರ. ಪ್ರಪಂಚದಲ್ಲಿ ಯಾರು ಬರೆದರೂ ಹೇಗೆ ಬರೆಯುತ್ತಾರೋ ಹಾಗೇ ಬರೆದಿದ್ದ. ಟೈಮರ್ ಹುಟ್ಟಿಸಿ, ಮುಂದಕ್ಕೆ ಹೋಗಿದ್ದ.

ಕೆಲವು ತಿಂಗಳಲ್ಲಿ ದೂರು ಶುರುವಾಯಿತು. ಒಂದೊಂದು ಸಲ ಗಂಟೆ ಬಾರಿಸಲ್ಲ. ವಾರ್ಡಿನ ಹಿರಿಯ ನರ್ಸ್ ಸಿಸ್ಟರ್ ಫಿಲೋಮಿನಾ ಅಂತ, ಅವರೇ ಫೋನ್ ಮಾಡುತ್ತಿದ್ದರು. ಮಧು ಸಾರ್ ಮೊದಲ ಸಲ ಕರೆಂಟ್ ಸಮಸ್ಯೆ ಅಂದರು, ಎರಡನೇ ಸಲ ವೈಫೈ ಅಂದರು. ಆ ಗಂಟೆಗೂ ವೈಫೈಗೂ ಏನೂ ಸಂಬಂಧವಿರಲಿಲ್ಲ. ನಾನು ನನ್ನ ಅನುಮಾನ ಹೇಳಿದೆ. "ಆಫೀಸಲ್ಲಿ ಮಾಡಿ ತೋರಿಸಿ, ಒಪ್ಕೋತೀನಿ" ಅಂದರು. ಇರ್ಫಾನ್ ಆಫೀಸಿನಲ್ಲಿ ಅಂಥದ್ದೇ ಡಬ್ಬ ಇಟ್ಟುಕೊಂಡು ಎಷ್ಟು ಸಲ ಪ್ರಯತ್ನಿಸಿದರೂ ಗಂಟೆ ಠಣ್ ಅಂತ ಬಾರಿಸುತ್ತಿತ್ತು. ಪ್ರತಿ ಸಲ ಹೊಸದಾಗಿ ಆನ್ ಮಾಡಿ, ಒಬ್ಬನೇ ರೋಗಿಯನ್ನು ಹಾಕಿ ನೋಡುತ್ತಿದ್ದೆವು. ಮೆಮೊರಿ ತುಂಬುತ್ತಲೇ ಇರಲಿಲ್ಲ, ಕಸ ಗುಡಿಸುವುದು ಏಳುತ್ತಲೇ ಇರಲಿಲ್ಲ. ಬೇಕಂತಲೇ ತುಂಬಿಸಿ ತೋರಿಸ್ತೀನಿ ಅಂದರೆ, ವಾರ್ಡಲ್ಲಿ ಹಾಗೆ ಯಾರು ತುಂಬಿಸ್ತಾರೆ ಅನ್ನುತ್ತಿದ್ದರು ಮಧು ಸಾರ್. ವಾರ್ಡಿಗೆ ಹೋಗಿ ನೋಡ್ತೀನಿ ಅಂದೆ. "ಗಿರಾಕಿ ಮುಂದೆ ನಮ್ಮ ಬಗ್ಗೆ ನಾವೇ ಅನುಮಾನ ಹುಟ್ಟಿಸಬಾರದು ಸುಜಾತಾ" ಅಂದರು. ಬಿಡಲಿಲ್ಲ.

ಬುದ್ಧ ಪೂರ್ಣಿಮೆಯ ದಿನ ನಾನು ರಜೆ ಹಾಕಿ ಅಮ್ಮನ ಜೊತೆ ಬೌದ್ಧ ವಿಹಾರಕ್ಕೆ ಹೋಗಿದ್ದೆ. ವಂದನೆ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ ಇರ್ಫಾನ್ ಫೋನ್ ಬಂತು.

"ಮೇಡಂ, ಮುನಿರಾಜಣ್ಣನ ತಾಯಿ ಅಲ್ಲೇ ಅಡ್ಮಿಟ್ ಆಗಿದ್ರಂತೆ. ಗಂಟೆ ಬಾರಿಸಿಲ್ಲ. ಅವರಿಗೆ ಶುಗರ್ ತುಂಬಾ ಇಳಿದು ಪ್ರಜ್ಞೆ ತಪ್ಪೋ ಹಾಗಾಗಿದೆ."

"ಈಗ ಹೇಗಿದ್ದಾರೆ?"

"ಪರವಾಗಿಲ್ಲಂತೆ. ಸಿಸ್ಟರ್ ನೋಡಿ ಗ್ಲೂಕೋಸ್ ಹಾಕಿದ್ರಂತೆ. ಆದ್ರೆ ಮುನಿರಾಜಣ್ಣ ಆ ಸಿಸ್ಟರ್ ಮೇಲೇನೇ ಗಲಾಟೆ ಮಾಡಿದ್ದಾರೆ. ಸಿಸ್ಟರೇ ಗಂಟೆ ಮ್ಯೂಟ್ ಮಾಡಿದ್ದಾರೆ ಅಂತ. ಕೆಲಸದಿಂದ ತೆಗೀತಾರಂತೆ."

ನಡೆದದ್ದು ಹೀಗೆ. ಮುನಿರಾಜಣ್ಣನ ತಾಯಿ ಮುನಿಯಮ್ಮನವರಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯಕ್ಕೆ ಸೇರಿಸಿದ್ದರು. ಇನ್ಸುಲಿನ್ ಕೊಟ್ಟಮೇಲೆ ಇಷ್ಟು ಹೊತ್ತಿಗೆ ಶುಗರ್ ನೋಡಬೇಕು ಅಂತ ಫಿಲೋಮಿನಾ ಡಬ್ಬದಲ್ಲಿ ಹಾಕಿದ್ದರು. ಅಷ್ಟರಲ್ಲಿ ಅಪಘಾತವಾದ ಒಬ್ಬರನ್ನು ತಂದರು, ಅವರು ಅತ್ತ ಓಡಿದರು, ಗಂಟೆ ಬಾರಿಸುತ್ತಲ್ಲ ಅನ್ನೋ ಧೈರ್ಯದ ಮೇಲೆ. ಬಾರಿಸಲಿಲ್ಲ. ವಾಪಸ್ ಬಂದಾಗ, ಸದಾ ಮಾತಾಡುತ್ತಿದ್ದ ಮುದುಕಿ ಸುಮ್ಮನಿದ್ದದ್ದು ನೋಡಿ ಗಾಬರಿಯಾಗಿ ಮುಟ್ಟಿದರೆ ಮೈಯೆಲ್ಲ ತಣ್ಣಗೆ ಬೆವರು. ಅವರು ಬಂದದ್ದರಿಂದ ಉಳಿದರು ಮುನಿಯಮ್ಮ. ಆದರೆ ಮಗನಿಗೆ ಕಂಡದ್ದು ತಾಯಿಯ ಬೆಡ್ ಹತ್ತಿರ ನರ್ಸ್ ಇರಲಿಲ್ಲ ಅನ್ನೋದು ಮಾತ್ರ. ಡಬ್ಬದ ದಾಖಲೆಯಲ್ಲಿ "ಜ್ಞಾಪನೆ ಹಾಕಲಾಗಿದೆ" ಅಂತಿತ್ತು. ಡಬ್ಬಕ್ಕೆ ಒಂದು ಮ್ಯೂಟ್ ಬಟನ್ ಇತ್ತು, ಅದನ್ನು ಒತ್ತಿದರೆ ಎಲ್ಲೂ ದಾಖಲಾಗುತ್ತಿರಲಿಲ್ಲ. ಹಾಗಾದರೆ ಸಿಸ್ಟರೇ ಒತ್ತಿರಬೇಕು, ಇನ್ನೇನು?

ಮಾರನೇ ದಿನ ಆಫೀಸಿಗೆ ಹೋದರೆ ಮಧು ಸಾರ್ ಉತ್ತರ ಸಿದ್ಧ ಮಾಡುತ್ತಿದ್ದರು. ಡಬ್ಬ ಸರಿಯಾಗಿ ಕೆಲಸ ಮಾಡಿದೆ, ಬಳಸಿದವರ ತಪ್ಪಿರಬಹುದು, ಇತ್ಯಾದಿ. ಶುಕ್ರವಾರ ಆಸ್ಪತ್ರೆಯಲ್ಲಿ ಸಭೆ ಇತ್ತು.

"ಸಾರ್, ಆ ಮಾತು ಹೇಳಿದ್ರೆ ಆ ಸಿಸ್ಟರ್ ಕೆಲಸ ಹೋಗುತ್ತೆ," ಅಂದೆ.

"ಹೇಳದಿದ್ರೆ ನಮ್ಮೆಲ್ಲರ ಕೆಲಸ ಹೋಗುತ್ತೆ. ಇದೊಂದು ಆಸ್ಪತ್ರೆ ತೋರಿಸಿ ಇನ್ನೂ ನಾಲ್ಕು ಆಸ್ಪತ್ರೆ ಹಿಡೀಬೇಕು ಅಂತಿದ್ದೀವಿ. ನಿಮ್ಮ ಹತ್ರ ಏನಾದ್ರೂ ಸಾಕ್ಷಿ ಇದ್ಯಾ?"

ಇರಲಿಲ್ಲ. ಅನುಮಾನ ಇತ್ತು. ಎರಡು ವರ್ಷದ ಅನುಮಾನ.

ಪಕ್ಕದಲ್ಲಿ ಇರ್ಫಾನ್ ಇದನ್ನೆಲ್ಲ ಕೇಳುತ್ತ ಕೂತಿದ್ದ. ಮಧು ಸಾರ್ ಹೋದಮೇಲೆ ಮೆಲ್ಲಗೆ ಕೇಳಿದ, "ಮೇಡಂ, ನಿಮ್ಮ ಅನುಮಾನ ಸರಿಯಾಗಿದ್ರೆ ತಪ್ಪು ನನ್ನ ಸ್ಕ್ರಿಪ್ಟಿಗೆ ಬರುತ್ತಲ್ವಾ? ಡಾಕ್ಯುಮೆಂಟಲ್ಲಿ ಇದೆ ಅಂತಾರೆ."

"ಒಂದು ಸಾಲಿನ ಟೈಮರ್ ಬರೆಯೋಕೆ ಯಾರೂ ಅಷ್ಟು ದಪ್ಪ ಡಾಕ್ಯುಮೆಂಟ್ ಓದಲ್ಲ ಇರ್ಫಾನ್. ನಾನೂ ಓದಲ್ಲ. ನಡಿ, ಹೋಗೋಣ."

ಯಾರನ್ನೂ ಕೇಳದೆ ಇಬ್ಬರೂ ಅವನ ಬೈಕಿನಲ್ಲಿ ಕುಮಾರಸ್ವಾಮಿ ಲೇಔಟಿಗೆ ಹೋದೆವು. ಬನಶಂಕರಿ ಹತ್ತಿರದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ನನ್ನ ಸಿಟ್ಟೆಲ್ಲ ಇನ್ನೂ ಗಟ್ಟಿಯಾಯಿತು.

ಫಿಲೋಮಿನಾ ಅವರನ್ನು ವಾರ್ಡಿನಿಂದ ತೆಗೆದು ಕೆಳಗೆ ಬಟ್ಟೆ ಜೋಡಿಸುವ ಕೋಣೆಗೆ ಹಾಕಿದ್ದರು, ಸಭೆ ಆಗೋವರೆಗೆ. ಐವತ್ತು ದಾಟಿದ ಹೆಂಗಸು. ಬೆಡ್‌ಶೀಟ್ ಮಡಚುತ್ತಲೇ ನನ್ನನ್ನು ನೋಡಿದರು.

"ನೀವಾ ಡಬ್ಬ ಮಾಡಿದ್ದು?"

"ಒಳಗಿರೋ ಟೈಮರ್ ಮಾಡಿದ್ದು ನಾನು."

"ಎಷ್ಟು ಸಲ ಫೋನ್ ಮಾಡಿದೆ ನಿಮ್ಮ ಆಫೀಸಿಗೆ. ವೈಫೈ ಅಂದ್ರು. ಕರೆಂಟ್ ಅಂದ್ರು. ನಾನು ಸುಳ್ಳು ಹೇಳ್ತೀನಿ ಅಂದ್ಕೊಂಡ್ರಾ?"

"ನಾನು ಅಂದ್ಕೊಳ್ಳಲಿಲ್ಲ ಸಿಸ್ಟರ್."

"ಮತ್ತೆ ಯಾಕೆ ಬರಲಿಲ್ಲ?"

 ಮಧು ಸಾರ್ ಬಿಡಲಿಲ್ಲ ಅಂತ ಹೇಳಬಹುದಿತ್ತು. ಬೆಡ್‌ಶೀಟ್ ಮಡಚುತ್ತಿರುವವರ ಮುಂದೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. "ಆವತ್ತು ಜ್ಞಾಪನೆ ಹಾಕಿದ ಮೇಲೆ ಡಬ್ಬದಲ್ಲಿ ಇನ್ನೇನಾದ್ರೂ ಮಾಡಿದ್ರಾ?" ಅಂತಷ್ಟೇ ಕೇಳಿದೆ.

"ನಾನು ಮಾಡಲಿಲ್ಲ. ಇಬ್ಬರು ಡಿಸ್ಚಾರ್ಜ್ ಇದ್ರು, ಅದನ್ನ ಬೇರೆ ಸಿಸ್ಟರ್ ಮಾಡಿದ್ರು. ಅದಕ್ಕೂ ಗಂಟೆಗೂ ಏನು ಸಂಬಂಧ?"

ಇರ್ಫಾನ್ ನನ್ನ ಮುಖ ನೋಡಿದ. ಡಿಸ್ಚಾರ್ಜ್ ಪುಟ ಅವನೇ ಬರೆದಿದ್ದು. ರೋಗಿ ಬಂದ ದಿನದಿಂದ ಹೋಗುವ ದಿನದವರೆಗಿನ ಎಲ್ಲ ವಿವರವನ್ನೂ ಒಟ್ಟಿಗೆ ಎತ್ತಿಕೊಂಡು ಬರುತ್ತದೆ. ಆ ಪುಟ್ಟ ಡಬ್ಬದ ಮೆಮೊರಿ ತುಂಬಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಮೇಲೆ ಹೋಗಿ ವಾರ್ಡಿನ ಇನ್ನೊಂದು ಡಬ್ಬ ಕೇಳಿದೆವು. ಡ್ಯೂಟಿಯಲ್ಲಿದ್ದ ಸಿಸ್ಟರ್ ಅನುಮಾನದಿಂದಲೇ ಬಿಟ್ಟರು. ಖಾಲಿ ಬೆಡ್ಡಿನ ಹೆಸರಿನಲ್ಲಿ ಒಂದು ಜ್ಞಾಪನೆ ಹಾಕಿ, ಸುಮ್ಮನೆ ಕಾದೆವು. ಬಾರಿಸಿತು. ಇನ್ನೊಂದು ಹಾಕಿ, ಹಳೆ ರೋಗಿಗಳ ಡಿಸ್ಚಾರ್ಜ್ ಪುಟವನ್ನು ಒಂದಾದಮೇಲೆ ಒಂದು ತೆರೆದೆವು. ಬಾರಿಸಲಿಲ್ಲ. ಮತ್ತೆ ಮಾಡಿದೆವು. ಬಾರಿಸಲಿಲ್ಲ. ಇಷ್ಟು ದಿನದ ಅನುಮಾನ ನಿಜ ಅಂತ ಗೊತ್ತಾದಾಗ ಸಂತೋಷವಾಗಬೇಕಿತ್ತೇನೋ. ನನಗೆ ಬಂದದ್ದು ಸುಸ್ತು. ಆ ಖಾಲಿ ಬೆಡ್ಡಿನ ಮೇಲೆ ಕೂತುಬಿಟ್ಟೆ.

ಅಲ್ಲಿಂದಲೇ ಮಧು ಸಾರ್‌ಗೆ ಫೋನ್ ಮಾಡಿ ಹೇಳಿದೆ.  "ಶುಕ್ರವಾರ ನಾನು ಮಾತಾಡ್ತೀನಿ. ನೀವು ಬರೋದು ಬೇಡ" ಅಂದರು.

ನಾನು ಹೋದೆ.

ದೊಡ್ಡ ಡಾಕ್ಟರ ಕೋಣೆಯಲ್ಲಿ ಸಭೆ. ಡಾಕ್ಟರು, ಮುನಿರಾಜಣ್ಣ, ಮಧು ಸಾರ್, ಬಾಗಿಲ ಹತ್ತಿರ ನಿಂತ ಫಿಲೋಮಿನಾ. ಅವರಿಗೆ ಕೂರಲು ಯಾರೂ ಹೇಳಿರಲಿಲ್ಲ. ನನ್ನನ್ನು ನೋಡಿ ಮಧು ಸಾರ್ ಕಣ್ಣು ಮುಚ್ಚಿ ತೆರೆದರು.

"ನಮ್ಮ ಕಡೆಯಿಂದ ಎಲ್ಲಾ ಪರಿಶೀಲನೆ ಮಾಡಿದ್ದೀವಿ," ಅಂತ ಅವರು ಶುರುಮಾಡಿದರು. "ಸಾಧನ ಅದರ ನಿಯಮದ ಪ್ರಕಾರವೇ ನಡ್ಕೊಂಡಿದೆ..."

ಅದು ಸುಳ್ಳೂ ಅಲ್ಲ, ನೋಡಿ. ಡಾಕ್ಯುಮೆಂಟಿನ ಪ್ರಕಾರ ಅದು ಸರಿಯಾಗಿಯೇ ನಡೆದುಕೊಂಡಿತ್ತು. ನನಗೆ ತಡೆದುಕೊಳ್ಳಲಾಗದೆ ಹೋದದ್ದು ಅದೇ.

"ಡಾಕ್ಟ್ರೇ, ವಾರ್ಡಿನ ಡಬ್ಬ ಒಂದನ್ನ ಇಲ್ಲಿಗೆ ತರಿಸ್ತೀರಾ?" ಅಂದೆ.

ತರಿಸಿದರು. ಎಲ್ಲರೂ ನೋಡುವ ಹಾಗೆ ಜ್ಞಾಪನೆ ಹಾಕಿದೆ. ಡಿಸ್ಚಾರ್ಜ್ ಪುಟಗಳನ್ನು ತೆರೆದೆ. ಹೊತ್ತು ಬಂತು, ಹೊತ್ತು ಹೋಯಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ.

"ಮ್ಯೂಟ್ ಯಾರೂ ಒತ್ತಿಲ್ಲ," ಅಂದೆ. "ಗಂಟೆಯನ್ನ ನಮ್ಮ ಎಂಜಿನ್ನೇ ಕಸ ಅಂತ ಎಸೆದಿದೆ. ಆವತ್ತೂ ಹೀಗೇ ಆಗಿರೋದು. ಸಿಸ್ಟರ್ ತಪ್ಪಿಲ್ಲ."

ಮುನಿರಾಜಣ್ಣ ಡಬ್ಬವನ್ನೇ ನೋಡುತ್ತಿದ್ದರು. "ಮೇಡಂ, ಇದನ್ನ ಇಲ್ಲಿ ಹಾಕ್ಸಿದ್ದು ನಾನು," ಅಂದರು ನಿಧಾನವಾಗಿ. "ನಮ್ಮವ್ವನ್ನ ಇಲ್ಲಿ ಸೇರ್ಸಿದ್ದೂ ನಾನೇ."

ಡಾಕ್ಟರು ಫಿಲೋಮಿನಾ ಕಡೆ ತಿರುಗಿದರು. "ಸರಿ ಹಾಗಾದ್ರೆ. ಸಿಸ್ಟರ್, ನಾಳೆಯಿಂದ ವಾರ್ಡಿಗೆ ಬನ್ನಿ. ಆದದ್ದು ಆಯ್ತು, ಮರೆತುಬಿಡೋಣ."

ಫಿಲೋಮಿನಾ ಜಾಗ ಬಿಟ್ಟು ಕದಲಲಿಲ್ಲ. "ಡಾಕ್ಟರ್, ನನ್ನನ್ನ ಬೈದಿದ್ದು ವಾರ್ಡಲ್ಲಿ. ಎಲ್ಲಾ ಸಿಸ್ಟರ್‌ಗಳು, ಪೇಷಂಟ್‌ಗಳ ಮುಂದೆ. ತಪ್ಪಿಲ್ಲ ಅನ್ನೋದನ್ನ ಈ ರೂಮಲ್ಲಿ ಬಾಗಿಲು ಹಾಕ್ಕೊಂಡು ಹೇಳಿದ್ರೆ ಹೇಗೆ?"

ಡಾಕ್ಟರು ಮಧು ಸಾರ್ ಕಡೆ ನೋಡಿದರು, ಮಧು ಸಾರ್ ಮೇಜಿನ ಕಡೆ ನೋಡಿದರು. ಎದ್ದವರು ಮುನಿರಾಜಣ್ಣ. ಬಾಗಿಲು ತೆಗೆದು ಮೆಟ್ಟಿಲು ಹತ್ತಿದರು. ನಾವೂ ಹಿಂದೆ ಹೋದೆವು. ವಾರ್ಡಿನ ನಡುವೆ ನಿಂತು, ಜಮೀನಿನ ಆ ತುದಿಯಿಂದ ಈ ತುದಿಗೆ ಕೂಗುವವರ ಗಟ್ಟಿ ದನಿಯಲ್ಲಿ ಹೇಳಿದರು, "ಕೇಳ್ರಮ್ಮ ಎಲ್ಲಾರೂ. ಆವತ್ತು ಈ ಸಿಸ್ಟರಮ್ಮನ್ನ ನಾನು ಬಾಯಿಗೆ ಬಂದಂಗೆ ಬೈದೆ. ತಪ್ಪು ಇವರದ್ದಲ್ಲ, ಆ ಡಬ್ಬದ್ದು. ನಾನು ಬೈದಿದ್ದು ತಪ್ಪು."

ಕಿಟಕಿ ಪಕ್ಕದ ಬೆಡ್ಡಿನಿಂದ ಮುನಿಯಮ್ಮ ತಲೆ ಎತ್ತಿದರು. ಮಗ ಗಲಾಟೆ ಮಾಡಿದ್ದು ಅವರಿಗೆ ಗೊತ್ತೇ ಇರಲಿಲ್ಲ ಅಂತ ಕಾಣುತ್ತದೆ. "ಅವಳನ್ನ ಬೈದ್ಯೇನ್ಲಾ ನೀನು?" ಅಂದರು. "ನನ್ನ ಎಬ್ಬಿಸಿದ್ದು ಯಾರು ಅಂದ್ಕೊಂಡಿದ್ದೀಯ, ನೀನಾ?" ಮುನಿರಾಜಣ್ಣ ಬೆಡ್ಡಿನ ಕಂಬಿ ಹಿಡಿದು ತಲೆ ತಗ್ಗಿಸಿದರು. ಫಿಲೋಮಿನಾ ಹೋಗಿ ಮುದುಕಿಯ ದಿಂಬು ಸರಿಮಾಡಿದರು. ಕಣ್ಣು ಒರೆಸಿಕೊಂಡರೋ ಏನೋ, ಬೆನ್ನು ಈ ಕಡೆ ಇತ್ತು.

ವಾಪಸ್ ಬರುವಾಗ ಮಧು ಸಾರ್ ಕಾರಿನಲ್ಲಿ ಕೂತೆ. ಇಲಿಯಾಸ್ ನಗರದ ಸಿಗ್ನಲ್‌ನಲ್ಲಿ ಗಾಡಿ ನಿಂತಿತು.

"ಸಭೆಗೆ ಮುಂಚೆ ನನಗೆ ಒಂದು ಮಾತು ಹೇಳಬಹುದಿತ್ತು, ಈ ಥರ ಮಾಡ್ತೀನಿ ಅಂತ," ಅಂದರು.

"ಎರಡು ವರ್ಷದಿಂದ ಹೇಳ್ತಾ ಇದ್ದೀನಿ ಸಾರ್."

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರೂ ಒಂದು ಕ್ಷಣ ಅವರು ಗಾಡಿ ಎತ್ತಲಿಲ್ಲ. "ಆ ಹತ್ತಿಪ್ಪತ್ತು ಸಾಲು ಇನ್ನೂ ನಿಮ್ಮ ಹತ್ರ ಇದ್ಯಾ?" ಅಂದರು.

ಇತ್ತು. ಸೇರಿಸಿದೆ. ಓಡುವ ಟೈಮರನ್ನು ಎಂಜಿನ್ನೇ ಹಿಡಿದುಕೊಂಡಿತು, ಬಾರಿಸಿದ ಮೇಲೆ ಬಿಟ್ಟಿತು. ತಿನ್ನುತ್ತೆ ಅಂತ ಇಷ್ಟು ವರ್ಷ ಹೆದರಿದ ಮೆಮೊರಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಆಮೇಲೂ ಹೊಸ ರಿಲೀಸ್‌ನ ಟಿಪ್ಪಣಿಯಲ್ಲಿ "ಸಣ್ಣಪುಟ್ಟ ಸುಧಾರಣೆ" ಅಂತ ಬರೆಯಿರಿ ಅಂದರು ಮಧು ಸಾರ್. ಎಷ್ಟೇ ಆಗಲಿ, ಅವರು ಅವರೇ. ಅದಕ್ಕೂ ಜಗಳ ಆಡಿದೆ. ಕೊನೆಗೆ "ಓಡುತ್ತಿರುವ ಟೈಮರ್ ಕಳೆದುಹೋಗುತ್ತಿದ್ದುದನ್ನು ಸರಿಪಡಿಸಲಾಗಿದೆ" ಅಂತ ಹೋಯಿತು. ಕಳೆದುಹೋಗಿದ್ದರಿಂದ ಏನಾಯಿತು ಅನ್ನೋದು ಅದರಲ್ಲಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ನರ್ಸಿಂಗ್ ಹೋಮಿನವರು ಡಬ್ಬವನ್ನು ವಾಪಸ್ ಕಳಿಸುತ್ತಾರೆ ಅಂದುಕೊಂಡಿದ್ದೆವು, ಕಳಿಸಲಿಲ್ಲ. ಸರಿಮಾಡಿದ್ದನ್ನು ಹಾಕಲು ಇರ್ಫಾನ್ ಜೊತೆ ನಾನೂ ಹೋದೆ. ಫಿಲೋಮಿನಾ ಮತ್ತೆ ವಾರ್ಡಿನಲ್ಲಿದ್ದರು. ನನಗೆ ನಮಸ್ಕಾರ ಹೇಳಿದರು, ಕೂರಿ ಅನ್ನಲಿಲ್ಲ, ಪುರುಸೊತ್ತಿರಲಿಲ್ಲ. ಹಾಕಿ ಮುಗಿಸಿದಮೇಲೂ ನಾನು ಹೊರಡದೆ ಗೋಡೆಗೆ ಒರಗಿ ನಿಂತೆ. ಫಿಲೋಮಿನಾ ಒಂದು ಜ್ಞಾಪನೆ ಹಾಕಿ ಹೋದರು. ಬೇರೆ ಸಿಸ್ಟರ್ ಬಂದು ಡಿಸ್ಚಾರ್ಜ್ ಪುಟ ತೆರೆದರು, ಮುಚ್ಚಿದರು, ಇನ್ನೊಂದು ತೆರೆದರು. ರೋಗಿಗಳ ಕಡೆಯವರು ಡಬ್ಬಿ, ಫ್ಲಾಸ್ಕ್ ಹಿಡಿದು ಓಡಾಡುತ್ತಿದ್ದರು.

ಗಂಟೆ ಬಾರಿಸಿತು.

ಯಾರೂ ತಲೆ ಎತ್ತಿ ನೋಡಲಿಲ್ಲ. ಫಿಲೋಮಿನಾ ಟ್ರೇ ಎತ್ತಿಕೊಂಡು ಬಂದರು, ಬೆಡ್ಡಿನ ದಾರಿಗೆ ಅಡ್ಡವಾಗಿ ನಿಂತಿದ್ದವಳು ನಾನೇ.

"ಸ್ವಲ್ಪ ದಾರಿ ಬಿಡಿ ಮೇಡಂ," ಅಂದರು.

ಬಿಟ್ಟೆ.